ಕಣಜದ ರಾಗಿ, ಅಟ್ಟದ ಕೊಬ್ಬರಿ: ಕಷ್ಟಕಾಲದ ಬಂಡವಾಳ

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಪಟ್ಟಣಗಳ ಕಾರ್ಖಾನೆಗಳು, ಅಂಗಡಿಗಳು ಬಾಗಿಲು ಮುಚ್ಚಿದವು. ಕೂಲಿ ನಿಂತವರು ತಮ್ಮ ತಮ್ಮ ಊರುಗಳ ಹಾದಿ ಹಿಡಿದರು. ಸುಗ್ಗಿಯ ರಾಗಿಯನ್ನು ಉಳಿಸಿಕೊಂಡಿದ್ದ ಮನೆಗಳಲ್ಲಿ ಹೊಟ್ಟೆಯ ಚಿಂತೆ ಇರಲಿಲ್ಲ. ಕಣದಲ್ಲೇ ಮಾರಿಕೊಂಡಿದ್ದ ಮನೆಗಳು ಪಡಿತರವನ್ನು ಕಾಯಬೇಕಾಯಿತು. ಈ ಎರಡು ಬಗೆಯ ಮನೆಗಳ ನಡುವಿನ ಅಂತರವು ಕೃಷಿಕರಿಗೆ ಮಾತ್ರವಲ್ಲದೆ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಮುಖ್ಯವಾದ ವಿಷಯವಾಗಿದೆ.

ಹೊಲದಲ್ಲೇ ದಿನಸಿ

ತುಮಕೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೆಳ್ಳಾವಿಯ ಸುತ್ತಣ ಪ್ರದೇಶವು ಖುಷ್ಕಿ ರಾಗಿಗೂ ತೆಂಗಿಗೂ ಹೆಸರಾದ ಸೀಮೆಗೆ ಸೇರಿದುದು. ಇಲ್ಲಿನ ಹಳೆಯ ಪದ್ಧತಿಯಾದ ಅಕ್ಕಡಿ ಸಾಲಿನಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಜೋಳಗಳನ್ನು ಬಿತ್ತಲಾಗುತ್ತದೆ. ಮುದ್ದೆಗೆ ಹಿಟ್ಟು, ಸಾರಿಗೆ ಬೇಳೆ, ಒಗ್ಗರಣೆಗೆ ಎಣ್ಣೆ, ದನಕ್ಕೆ ಮೇವು ಒಂದೇ ಹೊಲದಿಂದ ಬರುತ್ತವೆ. ಮಳೆ ಕೈಕೊಟ್ಟು ಒಂದು ಬೆಳೆ ಕೆಟ್ಟರೂ ಮತ್ತೊಂದು ಉಳಿಯುತ್ತದೆ. ರಾಗಿಯ ಎಂಟು ಸಾಲುಗಳಿಗೆ ತೊಗರಿಯ ಎರಡು ಸಾಲುಗಳೆಂಬ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು ಇದೇ ಜಾಣ್ಮೆಯ ಪರಿಷ್ಕೃತ ರೂಪವಾಗಿದೆ.

ದಾಸ್ತಾನಿನ ಶಾಸ್ತ್ರ

ರಾಗಿಗೆ ಹುಳು ಹಿಡಿಯುವುದು ವಿರಳ. ಚೆನ್ನಾಗಿ ಒಣಗಿಸಿದರೆ ವರ್ಷಗಟ್ಟಲೆ ಕೆಡದು. ಹಿಂದೆ ಇದನ್ನು ಹಗೇವುಗಳಲ್ಲಿ ಇಡಲಾಗುತ್ತಿತ್ತು. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ವಿಶಾಲವಾದ ಒಡಲಿರುವಂತೆ ಗುಂಡಿ ತೋಡಿ, ಹುಲ್ಲು ಹೊದಿಸಿ, ಧಾನ್ಯ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಪ್ರಾಣವಾಯು ಇಲ್ಲದ್ದರಿಂದ ಕೀಟಗಳು ಬದುಕುತ್ತಿರಲಿಲ್ಲ. ಅದೇ ಕಾರಣಕ್ಕೆ, ತೆರೆದ ಕೂಡಲೇ ಒಳಗಿಳಿದವರ ಜೀವಕ್ಕೂ ಅಪಾಯವಿದ್ದುದರಿಂದ ಮೊದಲು ದೀಪ ಇಳಿಬಿಟ್ಟು ನೋಡುವ ಎಚ್ಚರಿಕೆ ರೂಢಿಯಲ್ಲಿತ್ತು.

ತೆಂಗಿನ ವಿಷಯವೂ ಇಂಥದೇ. ಅಟ್ಟದಲ್ಲಿ ಎಂಟರಿಂದ ಹನ್ನೆರಡು ತಿಂಗಳು ಇಟ್ಟ ಕಾಯಿಯ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಹಣದ ಅಗತ್ಯ ಬಿದ್ದಾಗ ಅಥವಾ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಏರಿದಾಗ ಸುಲಿದು ಮಾರಬಹುದು. ಚಿಪ್ಪು ಒಲೆಗೆ, ಮೊಟ್ಟೆ ನಾರಿಗೆ, ಗರಿ ಪೊರಕೆಗೆ.

ಲೆಕ್ಕ ಏನು ಹೇಳುತ್ತದೆ?

ಐದು ಜನರ ಸಂಸಾರದಲ್ಲಿ ತಲೆಗೆ ದಿನಕ್ಕೆ 300 ಗ್ರಾಂ ಎಂದು ಹಿಡಿದರೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್ ರಾಗಿ ಬೇಕು. ಹದವಾದ ಮಳೆಯ ವರ್ಷ ಒಂದು ಎಕರೆಯಲ್ಲಿ ಇಷ್ಟು ದೊರೆಯುತ್ತದೆ. 2025-26ನೇ ಸಾಲಿನ ಬೆಂಬಲ ಬೆಲೆಯಾದ ಕ್ವಿಂಟಲಿಗೆ 4,886 ರೂ.ಗಳಂತೆ ಇದರ ಮೌಲ್ಯ ಸುಮಾರು 27,000 ರೂ. ಸುಗ್ಗಿಯಲ್ಲಿ ಸಾಲ ತೀರಿಸಲು ಇದನ್ನು ಮಾರಿ, ಮಳೆಗಾಲದಲ್ಲಿ ಚಿಲ್ಲರೆ ದರಕ್ಕೆ ಹಿಟ್ಟು ಕೊಳ್ಳುವ ಮನೆಯು ಎರಡೂ ಕಡೆ ನಷ್ಟ ಅನುಭವಿಸುತ್ತದೆ. ಆ ನಷ್ಟ ಕೊನೆಗೆ ಅಂಗಡಿಯ ಉದ್ರಿ ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ.

ಮನೆಯ ಸ್ವಾವಲಂಬನೆ ವ್ಯಾಪಾರಕ್ಕೆ ಮಾರಕವೆಂಬ ಭಾವನೆ ಸರಿಯಲ್ಲ. ಉಪ್ಪು, ಬಟ್ಟೆ, ಕಬ್ಬಿಣದ ಸಾಮಾನುಗಳಿಗೆ ಹಳ್ಳಿಯವರು ಎಂದಿಗೂ ಸಂತೆಯನ್ನೇ ನಂಬಿದ್ದರು. ಕಾಳಿನ ಚಿಂತೆಯಿಲ್ಲದ ಗಿರಾಕಿಯೇ ಬರಗಾಲದಲ್ಲೂ ಬಾಕಿ ತೀರಿಸಬಲ್ಲವನು.

ಆದರೆ ದಾಸ್ತಾನಿಗೂ ಮಿತಿಯಿದೆ. 1875 ಮತ್ತು 1876ರಲ್ಲಿ ಸತತವಾಗಿ ಮಳೆ ಕೈಕೊಟ್ಟಾಗ ಮೈಸೂರು ಸಂಸ್ಥಾನದಲ್ಲಿ ಕೂಡಿಟ್ಟ ಕಾಳೂ ತೀರಿತು. 1871ರಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಒಂದು ವರ್ಷದ ಕಷ್ಟವನ್ನು ಕಣಜ ತಡೆಯಬಲ್ಲದು. ಸತತ ಬರಕ್ಕೆ ಸರ್ಕಾರದ ಹಾಗೂ ಮಾರುಕಟ್ಟೆಯ ನೆರವು ಬೇಕೇ ಬೇಕು.

ಉದ್ಯಮಿಗಳಿಗೆ ಅವಕಾಶ

ಇಂದು ಹಗೇವು ತೋಡುವವರಿಲ್ಲ. ಆದರೆ ಅದೇ ತತ್ವದ ಮೇಲೆ ತಯಾರಾಗುವ ಗಾಳಿಯಾಡದ ಬಹುಪದರ ಚೀಲಗಳು, ಭದ್ರ ಮುಚ್ಚಳದ ತಗಡಿನ ಕಣಜಗಳು, ಮನೆಬಳಕೆಯ ಹಿಟ್ಟಿನ ಯಂತ್ರಗಳು, ಸಣ್ಣ ಗಾಣಗಳು ಇವೆಲ್ಲ ಸಣ್ಣ ಕೈಗಾರಿಕೆಗಳ ಅಳವಿನಲ್ಲಿರುವ ಪದಾರ್ಥಗಳೇ. ಇವುಗಳನ್ನು ಹೋಬಳಿ ಮಟ್ಟಕ್ಕೆ, ಸುಗ್ಗಿಗೆ ಮುನ್ನವೇ, ಕೈಗೆಟುಕುವ ಬೆಲೆಯಲ್ಲಿ ತಲುಪಿಸಿದರೆ ರೈತನ ಕಾಳು ಉಳಿಯುತ್ತದೆ, ತಯಾರಕನಿಗೆ ಕೆಲಸ ದೊರೆಯುತ್ತದೆ, ವರ್ತಕನ ಬಾಕಿಯೂ ವಸೂಲಾಗುತ್ತದೆ.