ಪದವಿಯ ಮುಂದಿನ ಓದು



"ಮಗಳು ಡಿಗ್ರಿ ಮುಗಿಸಿದಳು, ಇನ್ನೆಷ್ಟು ಓದು?" ಎಂದು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಕೇಳುವದುಂಟು. ಪ್ರಶ್ನೆ ಯೋಗ್ಯವಾದುದೇ, ಖರ್ಚಿನ ಭಾರ ತಂದೆತಾಯಿಗಳದು. ಆದುದರಿಂದ ಆ ಓದು ಏನೆಂಬುದನ್ನು ಮೊದಲು ತಿಳಿಯಿರಿ.

ಪದವಿಯಲ್ಲಿ ಇತರರು ಕಂಡುಹಿಡಿದುದನ್ನು ಕಲಿಯುತ್ತಾರೆ. ಸ್ನಾತಕೋತ್ತರ ಓದಿನಲ್ಲಿ ತಾವೇ ಒಂದು ಪ್ರಶ್ನೆ ಹಿಡಿದು ಉತ್ತರ ಹುಡುಕುತ್ತಾರೆ. ಸಾಮಾನ್ಯವಾಗಿ ಎರಡು ವರ್ಷ: ಮೊದಲು ಪಾಠ, ಆಮೇಲೆ ಪ್ರಯೋಗ, ಕೊನೆಗೆ ಪ್ರಬಂಧ.

ಘಟಪ್ರಭಾ ಕಾಲುವೆಯ ಕೆಳಗಿನ ಸವಳು ಹೊಲವನ್ನೇ ನೋಡಿರಿ. ಅಲ್ಲಿ ಯಾವ ತಳಿ ತಾಳೀತು? ಒಂದು ಮಡಿ ನೋಡಿ ಹೇಳಲಾಗದು. ಆ ಮಡಿಯಲ್ಲಿ ಸವಳೇ ಕಡಿಮೆ ಇದ್ದೀತು. ಆದ್ದರಿಂದ ಪ್ರತಿಯೊಂದು ತಳಿಯನ್ನು ಚೀಟಿ ಎತ್ತಿ ಹಲವು ಮಡಿಗಳಿಗೆ ಹಂಚಿ, ಬಿತ್ತಿ, ಇಳುವರಿ ತೂಗಿ ಹೋಲಿಸುತ್ತಾರೆ.

ಇದಕ್ಕೆ ದೂರ ಹೋಗಬೇಕಿಲ್ಲ. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿಯೂ, 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ಎಂ.ಎಸ್ಸಿ. ಉಂಟು. ಬಿ.ಇ. ಆದವರಿಗೆ ಬೆಳಗಾವಿಯಲ್ಲಿ 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂ.ಟೆಕ್. ಇದೆ. ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು, ಮಾನ್ಯತೆಯುಳ್ಳ ಕಾಲೇಜಿನಲ್ಲಿ ಎಂ.ಟೆಕ್. ಸೇರಿದವರಿಗೆ ನಿಯಮದಂತೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ದೊರೆಯುತ್ತದೆ. ಹೊಲ ಅಡವಿಡುವ ಮೊದಲು ಇದನ್ನು ಕಾಲೇಜಿನಲ್ಲಿ ವಿಚಾರಿಸಿರಿ.

ಈ ಓದು ಎಲ್ಲರಿಗೂ ಬೇಕಿಲ್ಲ. ನೌಕರಿ ಸಿಗಲಿಲ್ಲವೆಂದು ಕಾಲ ಕಳೆಯಲು ಸೇರಿದರೆ ಹಣವೂ ಹೋಯಿತು, ವಯಸ್ಸೂ ಹೋಯಿತು. "ಯಾವ ಪ್ರಶ್ನೆಗೆ ಉತ್ತರ ಹುಡುಕುವಿ?" ಎಂದು ಮಕ್ಕಳನ್ನೇ ಕೇಳಿರಿ. ಅವರು ನಿಮ್ಮ ಹೊಲವನ್ನೋ, ಯಂತ್ರವನ್ನೋ ತೋರಿಸಿ ಉತ್ಸಾಹದಿಂದ ಉತ್ತರಿಸಿದರೆ ತಡೆಯಬೇಡಿರಿ. ಮಗನಿರಲಿ, ಮಗಳಿರಲಿ, ಕಳಿಸಿರಿ.