ಜ್ವರದ ದಿನಕ್ಕೊಂದು ಬಟ್ಟಲು ಶಾವಿಗೆ ಸಾರು

ಮಳೆಗಾಲ ಕಾಲಿಟ್ಟೊಡನೆ ನೆಗಡಿ, ಕೆಮ್ಮು, ಜ್ವರಗಳು ಹೇಳದೆ ಕೇಳದೆ ಬರುವ ಅತಿಥಿಗಳು. ಮನೆಯಲ್ಲಿ ನಾಲ್ಕು ಜನರಿದ್ದರೆ ಒಬ್ಬರು ಗಂಜಿ ಕಾಯಿಸುತ್ತಾರೆ, ಇನ್ನೊಬ್ಬರು ಮೆಣಸಿನ ಸಾರು ಕುದಿಸುತ್ತಾರೆ. ಊರು ಬಿಟ್ಟು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಒಂಟಿಯಾಗಿ ನೆಲೆಸಿರುವ ಉದ್ಯೋಗಿಗೆ, ವಿದ್ಯಾರ್ಥಿಗೆ ಆ ಭಾಗ್ಯವಿಲ್ಲ. ರೋಗಿಯೂ ತಾನೇ, ಅಡುಗೆಯ ಭಟ್ಟನೂ ತಾನೇ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಚಾಚುವುದು ನೂಡಲ್ಸ್ ಪೊಟ್ಟಣದ ಕಡೆಗೆ.

ಹಸಿದಿರುವುದಕ್ಕಿಂತ ಅದು ಲೇಸು, ನಿಜ. ಆದರೆ ಪೊಟ್ಟಣದೊಳಗೆ ಏನಿದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಜಪಾನಿನ ಮೊಮೊಫುಕು ಆಂಡೊ 1958ರಲ್ಲಿ ಮಾರುಕಟ್ಟೆಗೆ ತಂದ ದಿಢೀರ್ ನೂಡಲ್ಸ್‌ನ ಗುಟ್ಟು ಇದ್ದುದು ಎಣ್ಣೆಯ ಬಾಣಲೆಯಲ್ಲಿ. ಬೇಯಿಸಿದ ಎಳೆಗಳನ್ನು ಕರಿದಾಗ ಅವುಗಳಲ್ಲಿನ ನೀರು ಆವಿಯಾಗಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಆ ರಂಧ್ರಗಳಲ್ಲಿ ನುಗ್ಗುವುದರಿಂದಲೇ ಎರಡು ಮೂರು ನಿಮಿಷಗಳಲ್ಲಿ ಅದು ಮೆತ್ತಗಾಗುತ್ತದೆ. ಎಳೆಗಳಲ್ಲಿ ಉಳಿದ ಜಿಡ್ಡು ಆರೋಗ್ಯವಂತರಿಗೆ ರುಚಿ. ಹೊಟ್ಟೆ ತೊಳಸುತ್ತಿರುವವರಿಗೆ ಭಾರ.

ಉಪ್ಪಿನದು ಇನ್ನೊಂದು ಕಥೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಸಾಲೆ ಪುಡಿಯನ್ನು ಪೂರ್ತಿ ಸುರಿದರೆ ಆ ಲೆಕ್ಕದ ದೊಡ್ಡ ಪಾಲು ಒಂದೇ ಊಟದಲ್ಲಿ ಮುಗಿದುಹೋಗುತ್ತದೆ. ಮೇಲಾಗಿ ಮೂಗು ಕಟ್ಟಿದಾಗ ವಾಸನೆ ತಿಳಿಯದು. ವಾಸನೆಯಿಲ್ಲದೆ ಎಲ್ಲವೂ ಸಪ್ಪೆ. ಹೀಗಾಗಿ ರೋಗಿ ಇನ್ನಷ್ಟು ಉಪ್ಪು ಖಾರ ಹಾಕುತ್ತಾನೆ. ಅಂದು ಉಪ್ಪನ್ನು ಅಳೆಯಬೇಕಾದದ್ದು ಚಮಚದಿಂದ, ನಾಲಿಗೆಯಿಂದಲ್ಲ. ಪೊಟ್ಟಣವೇ ಗತಿಯಾದರೆ ಅರ್ಧ ಮಸಾಲೆ, ಎರಡು ಪಟ್ಟು ನೀರು ಎಂಬ ಲೆಕ್ಕ ಸಾಕು.

ಇಷ್ಟೇ ಶ್ರಮದಲ್ಲಿ ಶಾವಿಗೆ ಸಾರು ಸಿದ್ಧವಾಗುತ್ತದೆ. ಹಳೇ ಮೈಸೂರು ಕಡೆಯ ಒತ್ತು ಶಾವಿಗೆಯಾಗಲಿ, ಉತ್ತರ ಕರ್ನಾಟಕದಲ್ಲಿ ಹೊಸೆದು ಬಿಸಿಲಿಗೆ ಒಣಗಿಸುವ ಗೋಧಿ ಶಾವಿಗೆಯಾಗಲಿ ಕನ್ನಡಿಗರಿಗೆ ಹೊಸದಲ್ಲ. ಆದರೂ ಪಾಯಸ, ಉಪ್ಪಿಟ್ಟುಗಳಾಚೆ ಅದನ್ನು ನೆನೆಯುವವರು ಕಡಿಮೆ ಎಂಬುದು ಸೋಜಿಗ.

ಒಬ್ಬರಿಗೆ ನಾಲ್ಕು ಲೋಟ, ಅಂದರೆ ಸುಮಾರು 800 ಮಿಲಿಲೀಟರ್ ನೀರು ಬೇಕು. ನೀರನ್ನು ಒಲೆಯ ಮೇಲಿಟ್ಟು, ಅದು ಕಾಯುವಷ್ಟರಲ್ಲಿ ಕುಳಿತುಕೊಂಡೇ ಆರೇಳು ಕಾಳುಮೆಣಸು, ಅರ್ಧ ಚಮಚ ಜೀರಿಗೆ, ಹೆಬ್ಬೆರಳ ತುದಿಯಷ್ಟು ಶುಂಠಿಯನ್ನು ಜಜ್ಜಿಕೊಳ್ಳಬಹುದು. ಟೊಮೆಟೊ ಹೆಚ್ಚುವ ಗೋಜು ಬೇಡ. ಎರಡು ಹೋಳು ಮಾಡಿ ಹಾಕಿದರೆ ಹತ್ತು ನಿಮಿಷದ ಕುದಿತದಲ್ಲಿ ಸೌಟಿನಿಂದಲೇ ಕಿವುಚಲು ಬರುತ್ತದೆ. ಅನಂತರ ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅರಿಸಿನ, ಒಂದು ಹಿಡಿ ಹುರಿದ ಶಾವಿಗೆ. ಹುರಿದದ್ದಾದರೆ ಎಳೆಗಳು ಅಂಟುಅಂಟಾಗುವುದಿಲ್ಲ. ನಾಲ್ಕೈದು ನಿಮಿಷಕ್ಕೆ ಬೆಂದಿರುತ್ತದೆ. ಮೊಟ್ಟೆ ತಿನ್ನುವವರು ಕುದಿಯುವಾಗಲೇ ಒಂದನ್ನು ಒಡೆದು ಹಾಕಿ ಹಳದಿಯೂ ಗಟ್ಟಿಯಾಗುವಂತೆ ಬೇಯಿಸಿದರೆ ಪ್ರೋಟೀನ್ ದೊರೆಯಿತು. ಉಳಿದವರಿಗೆ ಬೆಂದ ಬೇಳೆ ಎರಡು ಸೌಟು. ನಿಂಬೆರಸ ಇಳಿಸಿದ ಮೇಲೆ.

ಬಿಸಿ ಸಾರು ಕುಡಿದೊಡನೆ ಮೂಗು ಹಗುರಾಗುವುದು ಬರೀ ಭ್ರಮೆಯೇ? ಅಮೆರಿಕದ ಮಯಾಮಿಯ ವೈದ್ಯರು 1978ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ ಬಿಸಿನೀರು, ಬಿಸಿ ಕೋಳಿ ಸೂಪು ಎರಡೂ ಮೂಗಿನ ಲೋಳೆಯ ಚಲನೆಯನ್ನು ಚುರುಕುಗೊಳಿಸಿದ್ದವು. ತಣ್ಣೀರು ಅದನ್ನು ನಿಧಾನಗೊಳಿಸಿತ್ತು. ಆದರೆ ಬಿಸಿ ಪಾನೀಯಗಳ ಪ್ರಭಾವ ಅರ್ಧ ಗಂಟೆಯೊಳಗೆ ಇಳಿದುಹೋಯಿತು. ನೆಬ್ರಾಸ್ಕಾದ ಡಾ. ಸ್ಟೀಫನ್ ರೆನಾರ್ಡ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಳಿ ಸೂಪು ಒಂದು ಬಗೆಯ ಬಿಳಿ ರಕ್ತಕಣಗಳ ಚಲನೆಯನ್ನು ತಗ್ಗಿಸಿತ್ತಾದರೂ ಅದು ಪ್ರಯೋಗಾಲಯದೊಳಗಿನ ಮಾತು. ಸಾರು ರೋಗವನ್ನು ಓಡಿಸುತ್ತದೆ ಎನ್ನಲು ಇವು ಆಧಾರವಾಗಲಾರವು. ಅಡುಗೆಮನೆಗೆ ಸಿಗುವ ಪಾಠ ಬೇರೆ: ಒಮ್ಮೆಲೇ ದೊಡ್ಡ ಬಟ್ಟಲು ಮುಗಿಸುವುದಕ್ಕಿಂತ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಬಿಸಿಯಾಗಿ ಗುಟುಕರಿಸುವುದು ಮೇಲು. ಜ್ವರದಲ್ಲಿ ದೇಹ ಕಳೆದುಕೊಳ್ಳುವ ನೀರೂ ಹಾಗೆಯೇ ಮರಳುತ್ತದೆ.

ಎರಡು ಹೊತ್ತಿಗೆಂದು ಮಾಡುವುದಾದರೆ ಸಾರನ್ನಷ್ಟೇ ಹೆಚ್ಚು ಮಾಡಿಕೊಂಡು, ಶಾವಿಗೆಯನ್ನು ಆಯಾ ಹೊತ್ತಿಗೆ ಬೇಯಿಸಬೇಕು. ಒಟ್ಟಿಗೆ ಬಿಟ್ಟರೆ ಸಂಜೆಗೆ ಸಾರೆಲ್ಲ ಇಂಗಿ ಮುದ್ದೆಯಾಗಿರುತ್ತದೆ. ಉಳಿದ ಸಾರು ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಮತ್ತೆ ಕುಡಿಯುವಾಗ ಚೆನ್ನಾಗಿ ಕುದಿಯಲಿ.

ಒಂಟಿ ರೋಗಿಯ ಅಡುಗೆಯಲ್ಲಿ ನಿಜವಾದ ಅಪಾಯ ಒಲೆಯ ಬಳಿ ಇದೆ. ಪಾತ್ರೆಯಿಟ್ಟು ಹಾಸಿಗೆಗೆ ಒರಗಿದವರಿಗೆ ನಿದ್ದೆ ಹತ್ತಲು ಎರಡು ನಿಮಿಷ ಸಾಕು. ಉಕ್ಕಿದ ಸಾರು ಉರಿಯನ್ನು ಆರಿಸಿ ಅನಿಲ ಸೋರಿದರೆ ಗತಿಯೇನು? ಮೊಬೈಲಿನಲ್ಲಿ ಅಲಾರಂ ಇಟ್ಟು, ಕುರ್ಚಿಯನ್ನು ಅಡುಗೆಮನೆಗೇ ಎಳೆದುಕೊಂಡು ಕೂರುವುದು ಕ್ಷೇಮ. ಒಲೆಯೇ ಇಲ್ಲದ ಪಿ.ಜಿ. ಕೋಣೆಗಳಲ್ಲಿ ವಿದ್ಯುತ್ ಕೆಟಲ್‌ನೊಳಗೇ ನೂಡಲ್ಸ್ ಬೇಯಿಸುವವರುಂಟು. ನೊರೆ ಉಕ್ಕಿ ಹೊರಚೆಲ್ಲುವ ಆ ಸಾಹಸ ಬೇಡ. ತೆಳು ಅಕ್ಕಿ ಶಾವಿಗೆಯ ಮೇಲೆ ಕುದಿನೀರು ಸುರಿದು ಮುಚ್ಚಿಟ್ಟರೆ ಅದು ತಾನೇ ಮೆತ್ತಗಾಗುತ್ತದೆ.

ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರು ಉಪ್ಪು, ನೀರಿನ ಪ್ರಮಾಣದ ಬಗ್ಗೆ ತಮ್ಮ ವೈದ್ಯರ ಮಾತನ್ನೇ ಪಾಲಿಸಬೇಕು. ವಾಂತಿಭೇದಿಯಾದಾಗ ಸಾರಿಗಿಂತ ಓಆರ್‌ಎಸ್ ದ್ರಾವಣ ಮುಖ್ಯ. ಡೆಂಗಿ ಕಾಲದಲ್ಲಿ ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರ ಇಳಿದ ಮೇಲೂ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಅತಿಯಾದ ನಿತ್ರಾಣ ಕಂಡರೆ ಸಾರಿನ ಪಾತ್ರೆಯನ್ನು ಅಲ್ಲಿಯೇ ಬಿಟ್ಟು, ನೆರೆಮನೆಯ ಬಾಗಿಲು ತಟ್ಟಿಯಾದರೂ ಆಸ್ಪತ್ರೆಗೆ ಹೊರಡಬೇಕು.