ಇಳಿಯುವ ಮುನ್ನವೇ ಹೊರಡುವ ಬಸ್ಸು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ನಮ್ಮ ಸಹೋದರಿಯರಿಗೆ ಬಸ್ಸೆಂದರೆ ಹೆಚ್ಚಾಗಿ ಖಾಸಗಿ ಬಸ್ಸು. ಕಂಡ್ಲೂರಿನ ಹುಡುಗಿ ಕಾಲೇಜಿಗೆ, ಶಿರೂರಿನ ಗೃಹಿಣಿ ಬೈಂದೂರಿನ ತಾಲೂಕು ಕಚೇರಿಗೆ, ಸಾಸ್ತಾನದ ಅಜ್ಜಿ ಬ್ರಹ್ಮಾವರದ ವೈದ್ಯರಲ್ಲಿಗೆ ಹೋಗುವುದು ಅದರಲ್ಲೇ. ಗಂಗೊಳ್ಳಿಯವರಿಗಂತೂ ಹೊಳೆಯ ಆಚೆ ದಡದಲ್ಲಿ ಕುಂದಾಪುರ ಕಣ್ಣಿಗೇ ಕಾಣುತ್ತದೆ. ಆದರೆ ಬಸ್ಸು ತ್ರಾಸಿಗೆ ಹೋಗಿ, ಹೆದ್ದಾರಿ ಹಿಡಿದು ಸುತ್ತಿ ಬರಬೇಕು.

ಈ ಕರಾವಳಿ 1956ರವರೆಗೆ ಮದ್ರಾಸಿಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಖಾಸಗಿ ಬಸ್ಸುಗಳು ಇಲ್ಲಿ ಬೇರೂರಿದ್ದವು. ಅವುಗಳಿಂದ ಉಪಕಾರವಾಗಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. ಸರಕಾರಿ ಬಸ್ಸು ಮುಖ ತೋರಿಸದ ಒಳರಸ್ತೆಗಳಿಗೂ ಅವು ಹೋಗಿವೆ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಆರಂಭವಾಗಿ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಆದರೆ ಖಾಸಗಿ ಬಸ್ಸು ಮಾತ್ರ ಇರುವ ರಸ್ತೆಗಳಲ್ಲಿ ನಾವು ಇಂದಿಗೂ ಪೂರ್ತಿ ಹಣ ಕೊಟ್ಟೇ ಹೋಗುತ್ತಿದ್ದೇವೆ. ಹಣ ಕೊಟ್ಟವಳಿಗೆ ಬಸ್ಸು ಪೂರ್ತಿ ನಿಂತ ಮೇಲೆ ಇಳಿಯುವಷ್ಟು ಸಮಯವಾದರೂ ಸಿಗಬೇಡವೇ?

ದಿನವೂ ಕಾಣುವ ದೃಶ್ಯವಿದು. ತಂಗುದಾಣ ಬರುವ ಮೊದಲೇ ‘ಬೇಗ ಬೇಗ’ ಎಂಬ ಕೂಗು. ಇಳಿಯುವವಳ ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ, ಬುರ್ಖಾದ ಅಂಚು ಮೆಟ್ಟಿಲಿಗೆ ಸಿಕ್ಕಿಕೊಂಡಿರುತ್ತದೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ ಇರುವಾಗಲೇ ಸೀಟಿ ಊದಿಯಾಗುತ್ತದೆ! ಚಲಿಸುವ ಬಸ್ಸಿನಿಂದ ಕಾಲಿಟ್ಟಾಗ ಪಾದ ನೆಲದಲ್ಲಿ ನಿಲ್ಲುತ್ತದೆ, ದೇಹ ಬಸ್ಸಿನ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಬಸ್ಸಿನ ಹಿಂಭಾಗಕ್ಕೆ ಮುಖ ಮಾಡಿ ಇಳಿದರೆ ಬೀಳುವುದು ಅಂಗಾತ, ಪೆಟ್ಟು ತಲೆಯ ಹಿಂಭಾಗಕ್ಕೆ. ಮುಂಬಾಗಿಲಿನಿಂದ ಬಿದ್ದವಳ ಪಕ್ಕದಲ್ಲೇ ಹಿಂದಿನ ಚಕ್ರ ಬರುತ್ತದೆ ಎಂಬುದನ್ನು ನೆನೆದರೆ ಎದೆ ನಡುಗುತ್ತದೆ.

ಕಂಡಕ್ಟರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಒಂದೇ ರಸ್ತೆಯಲ್ಲಿ ಬೇರೆ ಬೇರೆ ಮಾಲಕರ ಬಸ್ಸುಗಳು ಕೆಲವೇ ನಿಮಿಷಗಳ ಅಂತರದಲ್ಲಿ ಓಡುತ್ತವೆ. ಸ್ವಲ್ಪ ತಡವಾದರೆ ಹಿಂದಿನ ಬಸ್ಸು ಮುಂದಿನ ನಿಲ್ದಾಣದ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೋಗುತ್ತದೆ. ಕಲೆಕ್ಷನ್ ಕಡಿಮೆಯಾದರೆ ಅವನ ಕೈಗೆ ಬರುವುದೂ ಕಡಿಮೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಆದರೆ ಈ ವೇಳಾಪಟ್ಟಿ ಆಕಾಶದಿಂದ ಇಳಿದದ್ದಲ್ಲ. ಪರವಾನಗಿಯನ್ನೂ ಸಮಯವನ್ನೂ ನಿಗದಿ ಮಾಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ವೃದ್ಧೆಯೊಬ್ಬಳು ಇಳಿಯಲು ಬೇಕಾದ ಅರ್ಧ ನಿಮಿಷ ಆ ಲೆಕ್ಕದಲ್ಲಿ ಸೇರಿದೆಯೇ ಎಂದು ಅಲ್ಲಿ ಕೇಳಬೇಕು.

ಮಕ್ಕಳ ಪಾಡು ಇನ್ನೂ ಕಷ್ಟ. ಬೆಳಗ್ಗೆ ಮದ್ರಸಾ ಬಿಟ್ಟು, ತಿಂಡಿಯನ್ನು ಅರ್ಧಕ್ಕೇ ಬಿಟ್ಟು ರಸ್ತೆಗೆ ಓಡಿ ಬರುವ ಮಕ್ಕಳನ್ನು ಕಂಡರೆ ಕೆಲವು ಬಸ್ಸುಗಳು ನಿಲ್ಲುವುದೇ ಇಲ್ಲ. ವಿದ್ಯಾರ್ಥಿಗಳಿಂದ ಬರುವ ಹಣ ಕಡಿಮೆಯಲ್ಲವೇ! ನಿಂತರೂ ಜಾಗ ಸಿಗುವುದು ಫುಟ್‌ಬೋರ್ಡಿನಲ್ಲಿ. ಇದಕ್ಕೆ ಬೇಸತ್ತ ತಂದೆತಾಯಿಯರು ಆಟೋಗೋ ಓಮ್ನಿಗೋ ಮಕ್ಕಳನ್ನು ಹತ್ತಿಸುತ್ತಾರೆ. ಅಲ್ಲಿಯೂ ಅದೇ ನೂಕುನುಗ್ಗಲು. 2016ರ ಜೂನ್ 21ರ ಬೆಳಗ್ಗೆ ತ್ರಾಸಿ ಬಳಿ ಶಾಲಾ ಮಕ್ಕಳಿದ್ದ ಓಮ್ನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ಆ ವಾಹನದಲ್ಲಿ ಸೀಟಿಗಿಂತ ಹೆಚ್ಚು ಮಕ್ಕಳಿದ್ದರು. ಮಗುವನ್ನು ಹತ್ತಿಸುವ ಮುನ್ನ ಒಳಗೆಷ್ಟು ತಲೆಗಳಿವೆಯೆಂದು ಎಣಿಸುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿಗಿಂತ ಹೆಚ್ಚಾದ ಪ್ರತಿಯೊಬ್ಬ ಪ್ರಯಾಣಿಕನಿಗೂ 200 ರೂಪಾಯಿ ದಂಡವಿದೆ.

ಟಿಕೆಟನ್ನು ಕೇಳಿ ಪಡೆಯಿರಿ. ಒಳರಸ್ತೆಗಳಲ್ಲಿ ಹಣ ಪಡೆದು ಟಿಕೆಟ್ ಕೊಡದಿರುವುದು ಒಂದು ರೂಢಿಯೇ ಆಗಿದೆ. ನಾಲ್ಕು ನಿಲ್ದಾಣ ದೂರಕ್ಕೆ ಟಿಕೆಟ್ ಯಾಕೆಂದು ನಾವೂ ಸುಮ್ಮನಿರುತ್ತೇವೆ. ಆದರೆ ಟಿಕೆಟ್ ಕೊಡದಿರುವುದು 1988ರ ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್ ಪ್ರಕಾರ ಕಂಡಕ್ಟರನ ತಪ್ಪು, ಅದಕ್ಕೆ 500 ರೂಪಾಯಿವರೆಗೆ ದಂಡವಿದೆ. ಇಳಿಯುವಾಗ ಬಿದ್ದು ಗಾಯವಾದರೆ ಅದೇ ಬಸ್ಸಿನಲ್ಲಿದ್ದಿರೆಂಬುದಕ್ಕೆ ಆ ಚೀಟಿ ಸಾಕ್ಷಿ. ಚಾಲಕನ ಅಜಾಗರೂಕತೆಯಿಂದ ಹಾಗೆ ಬಿದ್ದವರಿಗೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳುವ ಹಕ್ಕಿದೆ. ಆರು ತಿಂಗಳೊಳಗೆ ಅರ್ಜಿ ಹಾಕುವುದೇ ಕ್ಷೇಮ. ‘ನನ್ನದೇ ತಪ್ಪು, ಕಾಲು ಜಾರಿತು’ ಎಂದು ಮನೆಯಲ್ಲಿ ಎಣ್ಣೆ ಹಚ್ಚಿ ಮಲಗಬೇಡಿ. ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂದು ಸರಿಯಾಗಿ ಬರೆಸಿ.

ವಯಸ್ಸಾದವರು ಓಡುವ ಬಸ್ಸಿನಲ್ಲಿ ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲಿಗೆ ಬರುವುದೂ ಅಪಾಯ. ಟಿಕೆಟ್ ಕೊಳ್ಳುವಾಗಲೇ ‘ನಾನು ಬಸ್ಸು ನಿಂತ ಮೇಲೆ ಏಳುತ್ತೇನೆ, ಇಳಿದ ಮೇಲೆ ಸೀಟಿ ಊದಿ’ ಎಂದು ಹೇಳಿಬಿಡಿ. ಹೆಚ್ಚಿನವರು ಕೇಳುತ್ತಾರೆ. ಕೇಳದಿದ್ದರೆ ಬಸ್ಸಿನ ನಂಬರು, ಸಮಯ, ನಿಲ್ದಾಣದ ಹೆಸರನ್ನು ಟಿಕೆಟಿನ ಹಿಂದೆಯೇ ಬರೆದುಕೊಳ್ಳಿ. ಮೂರೂ ತಾಲೂಕಿಗೆ ಸೇರಿದ ಸಾರಿಗೆ ಕಚೇರಿ ಉಡುಪಿಯದು. ಅಲ್ಲಿಗೆ ಒಬ್ಬಳೇ ದೂರು ಬರೆಯಲು ಹಿಂಜರಿಕೆಯಾದರೆ ಅದೇ ಬಸ್ಸಿಗೆ ಕಾಯುವ ನೆರೆಮನೆಯ ಸಹೋದರಿಯರ ಸಹಿಯನ್ನೂ ಹಾಕಿಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ ಕಳುಹಿಸಿ.